ಹಾಜರಿ ಪುಸ್ತಕ ಮುಚ್ಚಿದ ಮೇಲೆ: ಕೊಲ್ಲಾಪುರ ಸೀಮೆಯ ವಿಮುಕ್ತ ಸಮುದಾಯಗಳು, ಪೊಲೀಸ್ ಹಿಂಸೆ ಮತ್ತು ಭಾಷೆಯ ಪ್ರಶ್ನೆ

1918ರಲ್ಲಿ ಕೊಲ್ಲಾಪುರ ಸಂಸ್ಥಾನದ ರಾಜರ್ಷಿ ಶಾಹೂ ಛತ್ರಪತಿಯವರ ಆದೇಶವೊಂದರಿಂದ ಮಹಾರ, ಮಾಂಗ, ರಾಮೋಶಿ ಮತ್ತು ಬೇರಡ ಜಾತಿಗಳ ಮೇಲಿದ್ದ ‘ಹಾಜರಿ’ ಪದ್ಧತಿ ರದ್ದಾಯಿತು. ಅಲ್ಲಿಯವರೆಗೆ ಈ ಜಾತಿಗಳಲ್ಲಿ ಹುಟ್ಟಿದವರು ನಿಗದಿತ ಹೊತ್ತಿಗೆ ಊರಿನ ಅಧಿಕಾರಿಯ ಎದುರು ನಿಂತು ತಮ್ಮ ಇರುವಿಕೆಯನ್ನು ದಾಖಲಿಸಬೇಕಾಗಿತ್ತು. ಪರವೂರಿಗೆ ಹೋಗಬೇಕಾದರೆ ಅಪ್ಪಣೆ ಪಡೆಯಬೇಕಾಗಿತ್ತು. ಅವರು ಕಳವು ಮಾಡಿದ್ದಾರೆಯೇ ಎಂಬ ಪ್ರಶ್ನೆ ಅಲ್ಲಿ ಏಳುತ್ತಲೇ ಇರಲಿಲ್ಲ. ಮಾಡಬಲ್ಲವರು ಎಂಬ ನಂಬಿಕೆಯೊಂದೇ ಸಾಕಾಗಿತ್ತು. ಇದೇ ಮಹಾರಾಜರು ಫಾಸೆಪಾರಧಿಗಳನ್ನು ಹಿಡಿದು ಜೈಲಿಗೆ ಹಾಕಿಸುವ ಬದಲು ತಮ್ಮ ಪಹರೆಯ ಕೆಲಸಕ್ಕೆ ನೇಮಿಸಿಕೊಂಡ ಸಂಗತಿಯೂ ಕೊಲ್ಲಾಪುರದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ.

ಪೊಲೀಸ್ ಹಿಂಸೆಯ ಕುರಿತ ಚರ್ಚೆ ಸಾಮಾನ್ಯವಾಗಿ ಲಾಠಿಯಿಂದ, ಠಾಣೆಯ ಕೋಣೆಯಿಂದ, ಅಲ್ಲಿ ಸಂಭವಿಸಿದ ಸಾವಿನಿಂದ ತೊಡಗುತ್ತದೆ. ತಪ್ಪಿತಸ್ಥ ಸಿಬ್ಬಂದಿಯ ಅಮಾನತಿನೊಂದಿಗೆ ಹೆಚ್ಚಿನ ಸಂದರ್ಭಗಳಲ್ಲಿ ಅದು ಮುಗಿಯುತ್ತದೆ. ಕೊಲ್ಲಾಪುರ, ಇಚಲಕರಂಜಿ ಮತ್ತು ಗಡಹಿಂಗ್ಲಜ ಸೀಮೆಯ ವಿಮುಕ್ತ ಸಮುದಾಯಗಳ ಅನುಭವವನ್ನು ಅರಿಯಲು ಈ ಕ್ರಮ ಸಾಲದು. ಇಲ್ಲಿ ಪೆಟ್ಟಿಗಿಂತ ಮೊದಲು ಬರಹವಿದೆ: ಹಾಜರಿ ಪುಸ್ತಕ, ಜಾತಿಯ ಪಟ್ಟಿ, ಪೊಲೀಸ್ ಕೈಪಿಡಿ, ಹಿಸ್ಟರಿ ಶೀಟ್, ಪಂಚನಾಮೆ. ಯಾರ ಮೇಲೆ ಕೈ ಎತ್ತಿದರೆ ಕೇಳುವವರಿಲ್ಲ ಎಂಬುದನ್ನು ಮೊದಲೇ ತಿಳಿಸುವುದು ಈ ಬರಹವೇ. ಆ ಬರಹ ಯಾವ ಭಾಷೆಯಲ್ಲಿದೆ, ಅದನ್ನು ಯಾರು ಓದಬಲ್ಲರು ಎಂಬ ಪ್ರಶ್ನೆಯೂ ಆದ್ದರಿಂದ ಹಿಂಸೆಯ ಪ್ರಶ್ನೆಯ ಭಾಗವೇ ಆಗುತ್ತದೆ. ಗಡಿಸೀಮೆಯ ಕನ್ನಡ ಮನೆಮಾತಿನ ಬೇಡರ ಸಂದರ್ಭದಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ.

ತಳವಾರ ಆರೋಪಿಯಾದ ಬಗೆ

ಹಿರಣ್ಯಕೇಶಿಯ ದಂಡೆಯ ಗಡಹಿಂಗ್ಲಜ ತಾಲೂಕಿನ ಪೂರ್ವಭಾಗ ಬೆಳಗಾವಿ ಜಿಲ್ಲೆಯ ಹುಕ್ಕೇರಿಗೆ ತಾಗಿಕೊಂಡಿದೆ. ನೂಲ, ಹಲಕರ್ಣಿಗಳಂಥ ಊರುಗಳಲ್ಲಿ ಕನ್ನಡ ಮತ್ತು ಮರಾಠಿ ಒಂದೇ ಓಣಿಯಲ್ಲಿ ಬದುಕಿವೆ. ಈ ಸೀಮೆಯಲ್ಲಿ ಬೇಡರಿಗೆ ಪರಂಪರೆಯಿಂದ ಬಂದ ಒಂದು ಉದ್ಯೋಗ ಊರ ಕಾವಲು. ಕನ್ನಡದಲ್ಲಿ ಅದರ ಹೆಸರು ತಳವಾರಿಕೆ. ಬೆಳೆ ಕಾಯುವುದು, ರಾತ್ರಿ ಗಸ್ತು ತಿರುಗುವುದು, ಕಳವಾದಾಗ ಹೆಜ್ಜೆಯ ಜಾಡು ಹಿಡಿಯುವುದು ತಳವಾರನ ಹೊಣೆ. ಅದಕ್ಕೆ ಪ್ರತಿಯಾಗಿ ಅವನಿಗೆ ಇನಾಮು ಭೂಮಿ ಅಥವಾ ಸುಗ್ಗಿಯ ಕಾಲದ ಧಾನ್ಯ ಸಲ್ಲುತ್ತಿತ್ತು. ಇಂದಿಗೂ ಮಹಾರಾಷ್ಟ್ರದ ವಿಮುಕ್ತ ಜಾತಿಗಳ ಪಟ್ಟಿಯಲ್ಲಿ ‘ಬೇರಡ’ ಎಂಬ ನಮೂದಿನ ಕೆಳಗೆ ನಾಯಕವಾಡಿ, ತಳವಾರ, ವಾಲ್ಮೀಕಿ ಎಂಬ ಹೆಸರುಗಳಿವೆ. ಅಂದರೆ ಒಂದು ಕಾಲದಲ್ಲಿ ಊರಿನ ಪೊಲೀಸ್ ಆಗಿದ್ದವನ ಹುದ್ದೆಯ ಹೆಸರೇ ಮುಂದೆ ಪೊಲೀಸರು ಕಣ್ಣಿಡಬೇಕಾದ ಜಾತಿಯ ಹೆಸರಾಯಿತು.

ಈ ತಿರುವಿಗೆ ವಸಾಹತು ಆಡಳಿತವು ಆಯುಧಧಾರಿ ಸಮುದಾಯಗಳ ಬಗ್ಗೆ ಇಟ್ಟುಕೊಂಡಿದ್ದ ಭಯ ಒಂದು ಕಾರಣ. 1857ರ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದಾಗ ಬ್ರಿಟಿಷ್ ಸೈನ್ಯ ಊರನ್ನು ಸುಟ್ಟು, ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಈ ಘಟನೆಯ ಲಾವಣಿಯನ್ನು ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ್ದರಿಂದ ಅದು ವಿದ್ವತ್ತಿನ ಲೋಕಕ್ಕೂ ಪರಿಚಿತವಾಯಿತು. ಹಳೆಯ ಗ್ರಾಮವ್ಯವಸ್ಥೆ ಸಡಿಲಗೊಂಡು ಸಂಬಳದ ಪೊಲೀಸ್ ಪಡೆ ಬಂದದ್ದು ಇನ್ನೊಂದು ಕಾರಣ. ತಳವಾರನ ಕೆಲಸ ಹೋಯಿತು, ಕೆಲಸಕ್ಕೆ ತಕ್ಕ ಧಾನ್ಯವೂ ಹೋಯಿತು. ಆದರೆ ‘ಕಳ್ಳರ ಜಾಡು ಬಲ್ಲವನು’ ಎಂಬ ಖ್ಯಾತಿ ಉಳಿಯಿತು; ಅದು ‘ಕಳ್ಳರನ್ನು ಬಲ್ಲವನು’ ಎಂದಾಗಿ, ಕೊನೆಗೆ ‘ಕಳ್ಳನೇ’ ಎಂದಾಗಲು ಹೆಚ್ಚು ಕಾಲ ಹಿಡಿಯಲಿಲ್ಲ.

1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಈ ಅನುಮಾನಕ್ಕೆ ಕಾನೂನಿನ ರೂಪ ಕೊಟ್ಟಿತು. ಮೊದಲು ಉತ್ತರ ಭಾರತದಲ್ಲಿ ಜಾರಿಗೆ ಬಂದ ಇದು 1911ರ ತಿದ್ದುಪಡಿಯ ನಂತರ ದಕ್ಷಿಣ ಮತ್ತು ಪಶ್ಚಿಮ ಭಾರತಕ್ಕೂ ವಿಸ್ತರಿಸಿತು. ಸರ್ಕಾರ ಒಂದು ಸಮುದಾಯವನ್ನು ‘ಅಪರಾಧಿ’ ಎಂದು ಘೋಷಿಸಿದರೆ ಆ ಘೋಷಣೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಹೆಸರಿನ ನೋಂದಣಿ, ಬೆರಳಚ್ಚು, ವಾಸಸ್ಥಳ ಬದಲಾದರೆ ಸೂಚನೆ, ಗೊತ್ತುಪಡಿಸಿದ ಹೊತ್ತಿಗೆ ಹಾಜರಿ, ಅಗತ್ಯವೆನಿಸಿದರೆ ಬೇಲಿಯೊಳಗಿನ ‘ಸೆಟ್ಲ್‌ಮೆಂಟ್’ ವಾಸ ಇವೆಲ್ಲ ಅದರ ಅಂಗಗಳು. ಹುಬ್ಬಳ್ಳಿ, ಗದಗ, ವಿಜಯಪುರ, ಸೊಲ್ಲಾಪುರಗಳ ಸೆಟ್ಲ್‌ಮೆಂಟುಗಳು ಈ ಕಾಲದವು. ಬ್ರಿಟಿಷ್ ಪ್ರಾಂತದಲ್ಲಿ ಇಂಥ ಕೇಂದ್ರಗಳು ಬೆಳೆಯುತ್ತಿದ್ದ ದಿನಗಳಲ್ಲಿಯೇ ನೆರೆಯ ದೇಶೀ ಸಂಸ್ಥಾನವೊಂದು ಹಾಜರಿಯನ್ನು ಕೈಬಿಟ್ಟಿತು ಎಂಬುದನ್ನು ನೆನೆದಾಗ 1918ರ ಆದೇಶದ ತೂಕ ತಿಳಿಯುತ್ತದೆ. ಅನುಮಾನದ ಆಡಳಿತಕ್ಕೆ ಬೇರೆ ದಾರಿಯೇ ಇರಲಿಲ್ಲ ಎಂಬ ವಾದವನ್ನು ಕೊಲ್ಲಾಪುರವೇ ಅಲ್ಲಗಳೆಯುತ್ತದೆ.

ಹೆಸರೇ ಆರೋಪವಾದಾಗ

‘ಬೇಡ’ ಎಂದರೆ ಕನ್ನಡದಲ್ಲಿ ಬೇಟೆಗಾರ. ಆ ಪದ ಮರಾಠಿಯಲ್ಲಿ ‘ಬೇರಡ’ ಎಂದಾದಾಗ ಜಾತಿಯ ಹೆಸರಿನ ಜೊತೆಗೆ ಇನ್ನೊಂದು ಅರ್ಥವನ್ನೂ ಪಡೆಯಿತು: ನಾಚಿಕೆಗೆಟ್ಟವನು, ಮೊಂಡ, ಎಷ್ಟು ಬಡಿದರೂ ಬಗ್ಗದವನು. ದಿನಬಳಕೆಯ ಮರಾಠಿಯಲ್ಲಿ ಈ ವಿಶೇಷಣ ಇಂದಿಗೂ ಜೀವಂತವಾಗಿದೆ. ‘ಭಾಮಟಾ’ ಎಂಬ ಸಮುದಾಯದ ಹೆಸರಿಗೆ ಮೋಸಗಾರನೆಂಬ ಅರ್ಥವಿದೆ; ‘ಉಚಲ್ಯಾ’ ಎಂದರೆ ಎತ್ತಿಕೊಂಡು ಹೋಗುವವನು. ಕನ್ನಡ ಈ ವಿಷಯದಲ್ಲಿ ನಿರ್ದೋಷಿಯೇನಲ್ಲ. ಉತ್ತರ ಕರ್ನಾಟಕದ ಒಂದು ಸಮುದಾಯ ಸರ್ಕಾರಿ ಪಟ್ಟಿಯಲ್ಲಿ ಇಂದಿಗೂ ಹೊತ್ತಿರುವ ಹೆಸರು ‘ಗಂಟಿಚೋರ’, ಅಂದರೆ ಗಂಟು ಕದಿಯುವವನು. ಆ ಸಮುದಾಯದ ವಿದ್ಯಾರ್ಥಿ ಪ್ರಮಾಣಪತ್ರಕ್ಕೆ ಅರ್ಜಿ ಬರೆಯುವಾಗ ತನ್ನ ಮೇಲಿನ ಆರೋಪವನ್ನು ತಾನೇ ಬರೆದುಕೊಡಬೇಕು.

ಭಾಷಾ ಅಧ್ಯಯನದ ದೃಷ್ಟಿಯಿಂದ ಇನ್ನೊಂದು ಸಂಗತಿ ಗಮನಾರ್ಹ. 1908ರಲ್ಲಿ ಮುಂಬೈ ಪ್ರಾಂತದ ಪೊಲೀಸ್ ಅಧಿಕಾರಿ ಎಂ. ಕೆನೆಡಿ ಅವರು ಪ್ರಾಂತದ ‘ಅಪರಾಧಿ ವರ್ಗ’ಗಳ ಕುರಿತು ಒಂದು ಕೈಪಿಡಿಯನ್ನು ಹೊರತಂದರು. ಅದರಲ್ಲಿ ಪ್ರತಿಯೊಂದು ಸಮುದಾಯದ ರೂಪ, ಉಡುಪು, ಕಳವಿನ ವಿಧಾನಗಳ ಜೊತೆಗೆ ಅವರ ಮಾತಿನ ವಿವರವೂ ಗುಪ್ತಪದಗಳೂ ಸೇರಿವೆ. ಅದೇ ದಶಕದಲ್ಲಿ ಗ್ರಿಯರ್ಸನ್ ಅವರ ಭಾಷಾ ಸಮೀಕ್ಷೆ ಕೈಕಾಡಿಯನ್ನು ದ್ರಾವಿಡ ಸಂಪುಟದಲ್ಲಿ ತಮಿಳಿನ ಉಪಭಾಷೆಯಾಗಿ ದಾಖಲಿಸಿತು. ಒಂದೇ ಮಾತು ಒಂದು ಪುಸ್ತಕದಲ್ಲಿ ಭಾಷೆಯಾಗಿ, ಇನ್ನೊಂದರಲ್ಲಿ ಸಂಚಿನ ಸಾಧನವಾಗಿ ಬರಹಕ್ಕಿಳಿಯಿತು. ಠಾಣೆಗೆ ತಲುಪಿದ್ದು ಎರಡನೆಯ ಪುಸ್ತಕ. ತಮಗೆ ತಿಳಿಯದ ಮಾತನ್ನು ಆಡುವವರು ಏನನ್ನೋ ಬಚ್ಚಿಡುತ್ತಿದ್ದಾರೆ ಎಂಬ ಗ್ರಹಿಕೆ ಹೀಗೆ ಪೊಲೀಸ್ ವಿದ್ಯೆಯ ಭಾಗವಾಯಿತು. ಸಂಶಯಿತನು ಗಂಡಹೆಂಡಿರ ನಡುವೆ ಮನೆಮಾತಿನಲ್ಲಿ ಎರಡು ಶಬ್ದ ಆಡಿದರೂ ಅದು ಅಧಿಕಾರಿಯ ಕಿವಿಗೆ ಸನ್ನೆಯಾಗಿ ಕೇಳಿಸುವುದಕ್ಕೆ ಇಂಥ ಹಿನ್ನೆಲೆಯಿದೆ.

ಕಾಯ್ದೆ ಹೋಯಿತು, ಪಟ್ಟಿ ಉಳಿಯಿತು

ಮುಂಬೈ ಪ್ರಾಂತದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ 1949ರಲ್ಲಿ ರದ್ದಾಯಿತು. 1952ರ ಆಗಸ್ಟ್ 31ರಂದು ಇಡೀ ದೇಶದಲ್ಲಿ ಅದು ಕೊನೆಗೊಂಡಿತು. ಆ ದಿನವನ್ನು ವಿಮುಕ್ತ ದಿನವೆಂದು ಆಚರಿಸಲಾಗುತ್ತದೆ. ಆದರೆ ಅದರ ಬೆನ್ನಿಗೇ ‘ರೂಢಿಗತ ಅಪರಾಧಿ’ಗಳ ಕಾನೂನುಗಳು ಬಂದವು. ಮುಂಬೈಯ ಇಂಥ ಕಾಯ್ದೆ 1959ರದು. ಈ ಕಾನೂನುಗಳು ಜಾತಿಯನ್ನು ಹೆಸರಿಸುವುದಿಲ್ಲ. ವ್ಯಕ್ತಿಯ ಹಿಂದಿನ ಶಿಕ್ಷೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಆದರೆ ದಶಕಗಳ ಕಾಲ ಯಾವ ಜಾತಿಯವರನ್ನು ಹಿಡಿದು ಶಿಕ್ಷೆಗೆ ಗುರಿಪಡಿಸಲಾಗಿತ್ತೋ ಅವರೇ ಈ ಹೊಸ ಲೆಕ್ಕದಲ್ಲಿಯೂ ಮುಂಚೂಣಿಗೆ ಬರುವುದು ಸಹಜವಾಗಿತ್ತು. ಈ ಕಾಯ್ದೆಯ ರದ್ದತಿಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2000ದಲ್ಲಿ, ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿರ್ಮೂಲನ ಸಮಿತಿ 2007ರಲ್ಲಿ ಶಿಫಾರಸು ಮಾಡಿದವು. 2008ರ ರೇಣಕೆ ಆಯೋಗ, 2017ರ ಇದಾತೆ ಆಯೋಗಗಳ ವರದಿಗಳೂ ಈ ಸಮುದಾಯಗಳ ಮೇಲಿನ ಕಳಂಕವನ್ನು ವಿವರವಾಗಿ ಚರ್ಚಿಸಿವೆ.

ಕಾಯ್ದೆಗಿಂತಲೂ ಹೆಚ್ಚು ಬಲವುಳ್ಳದ್ದು ಠಾಣೆಯ ಒಳಗಿನ ದಾಖಲೆ. ಹಿಸ್ಟರಿ ಶೀಟ್ ಎಂಬುದು ಸಾರ್ವಜನಿಕ ಪತ್ರವಲ್ಲ. ಅದನ್ನು ತೆರೆಯಲು ನ್ಯಾಯಾಲಯದ ತೀರ್ಪು ಬೇಕಿಲ್ಲ. ಒಮ್ಮೆ ತೆರೆದರೆ ಸುತ್ತಲಿನ ಊರುಗಳಲ್ಲಿ ಯಾವ ಕಳವಾದರೂ ಮೊದಲು ತಟ್ಟುವ ಬಾಗಿಲು ಆ ಮನೆಯದೇ. 2024ರ ಮೇ ತಿಂಗಳಲ್ಲಿ ಅಮಾನತುಲ್ಲಾ ಖಾನ್ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹಿಂದುಳಿದ ಹಾಗೂ ವಿಮುಕ್ತ ಸಮುದಾಯಗಳ ಜನರ ಮೇಲೆ ಯಾಂತ್ರಿಕವಾಗಿ ಹಿಸ್ಟರಿ ಶೀಟ್ ತೆರೆಯುವ ರೂಢಿಯತ್ತ ಬೊಟ್ಟುಮಾಡಿತು. ಅದೇ ವರ್ಷದ ಅಕ್ಟೋಬರ್ 3ರ ಸುಕನ್ಯಾ ಶಾಂತಾ ಪ್ರಕರಣದ ತೀರ್ಪು ಜೈಲುಗಳಲ್ಲಿನ ಜಾತಿ ತಾರತಮ್ಯದ ನಿಯಮಗಳನ್ನು ಅಸಾಂವಿಧಾನಿಕವೆಂದು ಸಾರಿತು. ವಿಮುಕ್ತ ಸಮುದಾಯಗಳ ಸದಸ್ಯರನ್ನು ಮನಸ್ವಿಯಾಗಿ ಬಂಧಿಸದಂತೆ ಪೊಲೀಸರಿಗೆ ನಿರ್ದೇಶಿಸಿತು. ಶಾಹೂ ಮಹಾರಾಜರ ಆದೇಶಕ್ಕೂ ಈ ತೀರ್ಪಿಗೂ ನಡುವೆ 106 ವರ್ಷಗಳ ಅಂತರವಿದೆ.

ಗಡೀಪಾರು ಎಂಬ ಕ್ರಮವನ್ನೂ ಈ ಸಾಲಿನಲ್ಲಿ ಗಮನಿಸಬೇಕು. 1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 55ರಿಂದ 57ರವರೆಗಿನ ಕಲಮುಗಳ ಅಡಿಯಲ್ಲಿ ಒಬ್ಬನನ್ನು ಜಿಲ್ಲೆಯಿಂದ, ಸುತ್ತಲಿನ ಜಿಲ್ಲೆಗಳಿಂದ ಎರಡು ವರ್ಷಗಳವರೆಗೆ ಹೊರಹಾಕಬಹುದು. 56ನೆಯ ಕಲಮಿಗೆ ಹಿಂದಿನ ಶಿಕ್ಷೆಯ ಅಗತ್ಯವೂ ಇಲ್ಲ. ಸಾಕ್ಷಿ ನುಡಿಯಲು ಜನ ಹೆದರುತ್ತಾರೆ ಎಂಬ ಅಧಿಕಾರಿಯ ಅಭಿಪ್ರಾಯ ಮುಖ್ಯವಾಗುತ್ತದೆ. ಇದು ಅಸಾಧಾರಣ ಕ್ರಮ, ಸಂಚಾರ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವಂಥದ್ದು, ಆದ್ದರಿಂದ ವಿರಳವಾಗಿ ಬಳಸಬೇಕಾದದ್ದು ಎಂದು 2022ರ ಜನವರಿಯಲ್ಲಿ ದೀಪಕ ಡೋಂಗ್ರೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಗಡಿಸೀಮೆಯಲ್ಲಿ ಗಡೀಪಾರಿಗೆ ವಿಶೇಷ ಅರ್ಥ ಬರುತ್ತದೆ. ಇಚಲಕರಂಜಿಯಿಂದ ಹೊರಹಾಕಲ್ಪಟ್ಟವನು ಕೆಲವೇ ಮೈಲಿ ದಾಟಿದರೆ ಕರ್ನಾಟಕದಲ್ಲಿರುತ್ತಾನೆ. ಅಲ್ಲಿನ ಠಾಣೆಗೆ ಅವನು ‘ಮಹಾರಾಷ್ಟ್ರದಿಂದ ಬಂದ ಅನುಮಾನಾಸ್ಪದ ವ್ಯಕ್ತಿ’. ಒಂದು ರಾಜ್ಯದ ಪಟ್ಟಿ ಹೀಗೆ ಇನ್ನೊಂದು ರಾಜ್ಯದ ಪಟ್ಟಿಗೆ ಹೆಸರು ಒದಗಿಸುತ್ತದೆ.

ಠಾಣೆಯ ಒಳಗೆ: ಹಿಂಸೆಗೆ ಎಡೆಯಾಗುವ ಬಗೆ

ಪೊಲೀಸರ ಎದುರು ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಆದರೆ ಬಂಧಿತನ ಮಾತಿನಿಂದ ಯಾವುದಾದರೂ ವಸ್ತು ಪತ್ತೆಯಾದರೆ ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ. ಹಳೆಯ ಸಾಕ್ಷ್ಯ ಅಧಿನಿಯಮದ 27ನೆಯ ಕಲಮು ಹೇಳುತ್ತಿದ್ದ ಈ ನಿಯಮ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮಿನಲ್ಲಿ ಮುಂದುವರಿದಿದೆ. ಕಳವಿನ ತನಿಖೆಯಲ್ಲಿ ‘ಮಾಲು ವಸೂಲಿ’ಗೆ ಇಷ್ಟೊಂದು ಮಹತ್ವ ಬರುವುದು ಇದರಿಂದಲೇ. ವೈಜ್ಞಾನಿಕ ತನಿಖೆಯ ಸೌಕರ್ಯ ಕಡಿಮೆ, ಮೇಲಧಿಕಾರಿಗಳ ಒತ್ತಡ ಹೆಚ್ಚು ಇರುವ ಠಾಣೆಗೆ ಬಾಯಿ ಬಿಡಿಸುವುದೇ ಹತ್ತಿರದ ದಾರಿಯಾಗಿ ತೋರುತ್ತದೆ. ಬಾಯಿ ಬಿಡಿಸಲು ಯಾರನ್ನು ಕರೆತರಬೇಕು ಎಂಬುದಕ್ಕೆ ಹಳೆಯ ಪಟ್ಟಿ ಸಿದ್ಧವಾಗಿರುತ್ತದೆ. ಆಸ್ತಿ, ವಕೀಲ, ಊರಿನ ಪುಢಾರಿಯ ಪರಿಚಯ ಯಾವುದೂ ಇಲ್ಲದವನು ಆ ಪಟ್ಟಿಯಲ್ಲಿದ್ದರೆ ಅಪಾಯ ಇಮ್ಮಡಿಯಾಗುತ್ತದೆ.

ಇದನ್ನು ತಡೆಯಲು ನಿಯಮಗಳ ಕೊರತೆಯಿಲ್ಲ. ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಎದುರು ಹಾಜರುಪಡಿಸಬೇಕೆಂಬುದು ಸಂವಿಧಾನದ 22ನೆಯ ವಿಧಿ. 1996ರ ಡಿಸೆಂಬರ್ 18ರ ಡಿ.ಕೆ. ಬಸು ತೀರ್ಪು ಬಂಧನದ ಮೆಮೊ, ಸಂಬಂಧಿಕರಿಗೆ ಸೂಚನೆ, ವೈದ್ಯಕೀಯ ಪರೀಕ್ಷೆಗಳನ್ನು ಕಡ್ಡಾಯಗೊಳಿಸಿತು. ಕಸ್ಟಡಿಯ ಸಾವಿಗೆ ನ್ಯಾಯಿಕ ಮ್ಯಾಜಿಸ್ಟ್ರೇಟರ ವಿಚಾರಣೆ ಬೇಕೆಂದು 2005ರ ತಿದ್ದುಪಡಿ ಹೇಳಿತು. ಠಾಣೆಗಳ ಎಲ್ಲ ಭಾಗಗಳಲ್ಲಿ ಸಿಸಿಟಿವಿ ಇರಬೇಕೆಂದು 2020ರ ಪರಮವೀರ ಸಿಂಗ್ ಸೈನಿ ತೀರ್ಪು ಆದೇಶಿಸಿತು. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿದೆ, ಆದರೆ ಅನುಮೋದಿಸಿಲ್ಲ.

ನಿಯಮ ಮತ್ತು ವಾಸ್ತವಗಳ ನಡುವಿನ ದೂರವನ್ನು ಕೊಲ್ಲಾಪುರದ ನೆರೆಯಲ್ಲಿಯೇ 2017ರ ನವೆಂಬರಿನಲ್ಲಿ ನಡೆದ ಪ್ರಕರಣ ತೋರಿಸಿಕೊಟ್ಟಿತು. ಸಣ್ಣ ಮೊತ್ತದ ದರೋಡೆಯ ಆರೋಪದ ಮೇಲೆ ಸಾಂಗಲಿ ನಗರ ಠಾಣೆಗೆ ಒಯ್ದ ಯುವಕ ಕಸ್ಟಡಿಯಲ್ಲಿ ಮೃತನಾದ. ಆತ ತಪ್ಪಿಸಿಕೊಂಡು ಓಡಿಹೋದನೆಂದು ಪೊಲೀಸರು ಹೇಳಿದರು. ಅನಂತರ ಬಯಲಾದ ಪ್ರಕಾರ ಶವವನ್ನು ಆಜರೆಯ ಆಚೆಗಿನ ಆಂಬೋಲಿ ಘಾಟಿಗೆ ಸಾಗಿಸಿ ಸುಡಲಾಗಿತ್ತು. ಕುಟುಂಬ ಠಾಣೆಯ ಎದುರು ಪಟ್ಟು ಹಿಡಿದು ಕೂತಿತು, ನಗರ ಬೀದಿಗಿಳಿಯಿತು, ಸಿಐಡಿ ತನಿಖೆ ನಡೆಯಿತು, ಅಧಿಕಾರಿಯೊಬ್ಬರೂ ಸಿಬ್ಬಂದಿಯೂ ಕೊಲೆಯ ಆರೋಪದಲ್ಲಿ ಬಂಧಿತರಾದರು. ನಗರದ ನಡುವೆ, ಮಾಧ್ಯಮಗಳ ಕಣ್ಣೆದುರು, ಕೇಳುವ ಬಂಧುಬಳಗವಿದ್ದ ಕುಟುಂಬಕ್ಕೆ ಸತ್ಯ ದೊರೆಯಲು ಇಷ್ಟು ಹೋರಾಡಬೇಕಾಯಿತು. ಊರ ಹೊರಗಿನ ಪಾಲದಲ್ಲಿ, ರೇಷನ್ ಕಾರ್ಡೂ ಇಲ್ಲದೆ ಬದುಕುವ ಪಾರಧಿ ಅಥವಾ ಕೈಕಾಡಿ ಕುಟುಂಬಕ್ಕೆ ‘ಓಡಿಹೋದ’ ಎಂಬ ಹೇಳಿಕೆಯನ್ನು ಪ್ರಶ್ನಿಸುವುದು ಎಷ್ಟು ಕಷ್ಟವೆಂಬುದನ್ನು ಇದರಿಂದ ಊಹಿಸಬಹುದು.

1998ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಬುಧನ್ ಶಬರ ಎಂಬ ವಿಮುಕ್ತ ಸಮುದಾಯದ ಕುಶಲಕರ್ಮಿ ಕಸ್ಟಡಿಯಲ್ಲಿ ಸತ್ತಾಗ ಅದನ್ನು ಆತ್ಮಹತ್ಯೆಯೆಂದು ದಾಖಲಿಸಲಾಗಿತ್ತು. ಲೇಖಕಿ ಮಹಾಶ್ವೇತಾ ದೇವಿಯವರ ನೇತೃತ್ವದಲ್ಲಿ ಪ್ರಕರಣ ಕಲಕತ್ತಾ ಹೈಕೋರ್ಟಿಗೆ ಹೋದುದರಿಂದ ಮಾತ್ರ ಅದು ಬಯಲಾಯಿತು. ಅದೇ ವರ್ಷ ಅವರು, ಗಣೇಶ ದೇವಿ ಮತ್ತು ಲಕ್ಷ್ಮಣ ಗಾಯಕವಾಡ ಸೇರಿ ವಿಮುಕ್ತ ಹಾಗೂ ಅಲೆಮಾರಿ ಸಮುದಾಯಗಳ ಹಕ್ಕುಗಳಿಗಾಗಿ ಸಂಘಟನೆ ಕಟ್ಟಿದರು. ಇಂಥ ಹೋರಾಟದ ಮುಂಚೂಣಿಯಲ್ಲಿ ಸಾಹಿತಿಗಳು ಕಾಣಿಸಿಕೊಂಡದ್ದು ಆಕಸ್ಮಿಕವಲ್ಲ. ಪೊಲೀಸ್ ದಾಖಲೆಯ ಎದುರು ಇನ್ನೊಂದು ದಾಖಲೆಯನ್ನು ಇಡಬಲ್ಲವರು ಅವರಾಗಿದ್ದರು.

ಕೇರಿಗೆ ಬೀಳುವ ಪೆಟ್ಟು

ಮರಾಠಿಯ ವಿಮುಕ್ತ ಆತ್ಮಕಥನಗಳು ಈ ಇನ್ನೊಂದು ದಾಖಲೆಯ ಮುಖ್ಯ ಭಾಗ. ಕೈಕಾಡಿ ಸಮುದಾಯದ ಲಕ್ಷ್ಮಣ ಮಾನೆ ಅವರ ‘ಉಪರಾ’ 1980ರಲ್ಲಿ, ಲಕ್ಷ್ಮಣ ಗಾಯಕವಾಡ ಅವರ ‘ಉಚಲ್ಯಾ’ 1987ರಲ್ಲಿ ಬಂದವು. ಎರಡಕ್ಕೂ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಬೆಳಗಾವಿ ಬಳಿಯ ಯಮನಾಪುರದ ಭೀಮರಾವ ಗಸ್ತಿ ಅವರ ‘ಬೇರಡ’ ಗಡಿಸೀಮೆಯ ಮಟ್ಟಿಗೆ ಇವೆರಡಕ್ಕಿಂತ ಹತ್ತಿರದ ಕೃತಿ. ಬೇಡರ ಕೇರಿಯಲ್ಲಿ ಹುಟ್ಟಿ, ಉನ್ನತ ಶಿಕ್ಷಣ ಪಡೆದು, ತಮ್ಮ ಜನರ ಮೇಲಿನ ಪೊಲೀಸ್ ದೌರ್ಜನ್ಯದ ವಿರುದ್ಧವೂ ದೇವದಾಸಿ ಪದ್ಧತಿಯ ವಿರುದ್ಧವೂ ಗಡಿಯ ಎರಡು ಬದಿಗಳಲ್ಲಿ ದುಡಿದ ಗಸ್ತಿಯವರು 2017ರಲ್ಲಿ ತೀರಿಕೊಂಡರು. ಕನ್ನಡ ಪರಿಸರದ ಬೇಡರ ಬದುಕು ತನ್ನ ಪ್ರಮುಖ ಆತ್ಮಕಥನವನ್ನು ಮರಾಠಿಯಲ್ಲಿ ಪಡೆಯಿತು ಎಂಬುದು ತೌಲನಿಕ ಅಧ್ಯಯನಕ್ಕೆ ಸವಾಲೊಡ್ಡುವ ಸಂಗತಿ. ಎಂಬತ್ತರ ದಶಕದ ಮರಾಠಿ ಸಾಹಿತ್ಯ ಇಂಥ ಕಥನಕ್ಕೆ ಓದುಗರನ್ನೂ ಪ್ರಕಾಶಕರನ್ನೂ ಸಿದ್ಧಪಡಿಸಿತ್ತು. ಬರಹಗಾರ ತನ್ನನ್ನು ಕೇಳಿಸಿಕೊಳ್ಳುವ ಭಾಷೆಯತ್ತ ಹೋದ.

ಈ ಬರಹಗಳನ್ನು ಒಟ್ಟಾಗಿ ಓದಿದಾಗ ಹಿಂಸೆಯ ಪರಿಣಾಮ ಬಂಧಿತನ ಮೈಯಲ್ಲಿ ನಿಲ್ಲುವುದಿಲ್ಲ ಎಂಬುದು ಮನದಟ್ಟಾಗುತ್ತದೆ. ಒಬ್ಬನನ್ನು ಒಯ್ದ ರಾತ್ರಿ ಕೇರಿಯ ಗಂಡಸರೆಲ್ಲ ಹೊಲಗಳಿಗೆ, ಗುಡ್ಡಕ್ಕೆ ಓಡುತ್ತಾರೆ. ಹಾಗೆ ಓಡಿದ್ದೇ ತಪ್ಪಿನ ಪುರಾವೆಯಾಗುತ್ತದೆ. ಗಂಡಸು ಸಿಗದಿದ್ದರೆ ಹೆಂಡತಿಯನ್ನೋ ತಾಯಿಯನ್ನೋ ಠಾಣೆಗೆ ಕರೆದೊಯ್ದು ಕೂರಿಸಲಾಗುತ್ತದೆ. ಜಾಮೀನಿಗೆ, ವಕೀಲರಿಗೆ, ಮಧ್ಯವರ್ತಿಗೆ ಹಣ ಹೊಂದಿಸಲು ಆಡು, ಎಮ್ಮೆ, ಮೈಮೇಲಿನ ಚೂರು ಬಂಗಾರ ಮಾರಾಟವಾಗುತ್ತವೆ, ಸಾಲ ಬೆಳೆಯುತ್ತದೆ. ಕಬ್ಬು ಕಡಿಯುವ ಗುಂಪಿನ ಮುಕಾದಮನಾಗಲಿ, ಇಚಲಕರಂಜಿಯ ವಿದ್ಯುತ್ ಮಗ್ಗದ ಮಾಲೀಕನಾಗಲಿ ‘ಪೊಲೀಸ್ ಲಫಡಾ’ ಇರುವವನನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಹಿಂಜರಿಯುತ್ತಾನೆ. ಶಾಲೆಯಲ್ಲಿ ಪೆನ್ನು ಕಳೆದರೆ ಮೊದಲು ಜಡತಿಯಾಗುವುದು ಆ ಮಗುವಿನ ಚೀಲ. ದುಡಿಮೆಯ ಮಾರ್ಗ ಹೀಗೆ ಒಂದೊಂದಾಗಿ ಮುಚ್ಚಿದಾಗ ಸಮುದಾಯದ ಕೆಲವರು ನಿಜವಾಗಿಯೇ ಕಳವಿಗೆ ಅಥವಾ ಕಳ್ಳಭಟ್ಟಿಗೆ ಇಳಿಯುವುದುಂಟು; ಆಗ ಪಟ್ಟಿ ತನ್ನನ್ನು ತಾನೇ ಸಮರ್ಥಿಸಿಕೊಳ್ಳುತ್ತದೆ.

ಇದಕ್ಕಿಂತ ಗಂಭೀರವಾದ ಇನ್ನೊಂದು ನಷ್ಟವಿದೆ. ಈ ಕೇರಿಗಳಲ್ಲಿ ಕಳವಾದಾಗ, ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾದಾಗ, ಕೊಲೆಯಾದಾಗ ದೂರು ಕೊಡಲು ಯಾರೂ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ರಕ್ಷಣೆ ಅತಿ ಹೆಚ್ಚು ಬೇಕಾದವರು ರಕ್ಷಣೆಯಿಂದ ತಾವಾಗಿಯೇ ದೂರ ಉಳಿಯುತ್ತಾರೆ. ನ್ಯಾಯ ಜಾತಿ ಪಂಚಾಯಿತಿಯ ಕೈಗೆ ಹೋಗುತ್ತದೆ. ಅಲ್ಲಿ ಹೆಣ್ಣಿಗೆ, ಬಡವನಿಗೆ ಸಲ್ಲುವ ನ್ಯಾಯದ ಮಿತಿಗಳು ತಿಳಿದವೇ. ಕಾನೂನಿನ ರಾಜ್ಯ ತನ್ನ ಹಿಂಸೆಯಿಂದಲೇ ತನ್ನ ಎಲ್ಲೆಯನ್ನು ಕುಗ್ಗಿಸಿಕೊಳ್ಳುವುದೆಂದರೆ ಇದೇ.

ಸಮುದಾಯದ ಸ್ಮೃತಿ ಇದಕ್ಕೆ ತನ್ನದೇ ಉತ್ತರವನ್ನು ಕಂಡುಕೊಂಡಿದೆ. ಈಗಿನ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಸಿಂಧೂರದ ಲಕ್ಷ್ಮಣ 1920ರ ದಶಕದಲ್ಲಿ ಪೊಲೀಸರ ಗುಂಡಿಗೆ ಬಲಿಯಾದ. ಸರ್ಕಾರಿ ಕಡತದ ಪ್ರಕಾರ ಆತ ದರೋಡೆಕೋರ. ಉತ್ತರ ಕರ್ನಾಟಕದ ಲಾವಣಿ, ಬಯಲಾಟ, ಕಂಪನಿ ನಾಟಕಗಳಲ್ಲಿ, 1977ರ ಚಲನಚಿತ್ರದಲ್ಲಿ ಆತ ವೀರ. ಎರಡನ್ನೂ ಇದ್ದಂತೆ ನಂಬಬೇಕಾಗಿಲ್ಲ. ಆದರೆ ಠಾಣೆಯ ಬರಹಕ್ಕೆ ಪ್ರವೇಶವಿಲ್ಲದ ಜನ ತಮ್ಮ ಸಾಕ್ಷ್ಯವನ್ನು ರಂಗದ ಮೇಲೆ ಉಳಿಸಿಕೊಂಡರು ಎಂಬುದು ನಿಜ.

ಅರ್ಥವಾಗುವ ಭಾಷೆಯಲ್ಲಿ

ಗಡಹಿಂಗ್ಲಜದ ಠಾಣೆಯಲ್ಲಿ ಎಫ್‌ಐಆರ್, ಪಂಚನಾಮೆ, ಜಬಾಬು ಎಲ್ಲವೂ ಮರಾಠಿಯಲ್ಲಿ ಸಿದ್ಧವಾಗುತ್ತವೆ. ರಾಜ್ಯಭಾಷೆಯಲ್ಲಿ ಆಡಳಿತ ನಡೆಯುವುದು ಸಹಜವೇ. ಕನ್ನಡಿಗರಲ್ಲಿ ಬಹುತೇಕರು ವ್ಯವಹಾರದ ಮರಾಠಿ ಬಲ್ಲವರೂ ಹೌದು. ಆದರೆ ಸಂತೆಯ ಮರಾಠಿ ಬೇರೆ, ಪಂಚನಾಮೆಯ ಮರಾಠಿ ಬೇರೆ. ಮಾತಾಡಬಲ್ಲವನು ಓದಬಲ್ಲವನೆಂದೇನೂ ಅಲ್ಲ. ಪೆಟ್ಟಿನ ಭಯದಲ್ಲಿರುವವನಿಗೆ ಎರಡನೆಯ ಭಾಷೆ ಮೊದಲು ಕೈಕೊಡುತ್ತದೆ. ತಾನು ಹೆಬ್ಬೆಟ್ಟು ಒತ್ತುತ್ತಿರುವ ಕಾಗದದಲ್ಲಿ ‘ಕಂಡೆ’ ಎಂದಿದೆಯೋ ‘ಕದ್ದೆ’ ಎಂದಿದೆಯೋ ಎಂಬುದು ಅವನಿಗೆ ತಿಳಿಯದು.

ಭಾರತದ ಕಾನೂನು ಈ ಸಮಸ್ಯೆಯನ್ನು ಕಾಣದೆ ಹೋಗಿಲ್ಲ. 1962ರಲ್ಲಿಯೇ ಹರಿಕಿಶನ್ ವಿರುದ್ಧ ಮಹಾರಾಷ್ಟ್ರ ರಾಜ್ಯ ಪ್ರಕರಣದಲ್ಲಿ, ಬಂಧನದಲ್ಲಿಟ್ಟವನಿಗೆ ಕಾರಣಗಳನ್ನು ಅವನಿಗೆ ತಿಳಿಯದ ಇಂಗ್ಲಿಷಿನಲ್ಲಿ ಕೊಟ್ಟರೆ ಕೊಟ್ಟಂತಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. 2025ರ ನವೆಂಬರ್ 6ರಂದು ಮಿಹಿರ್ ಶಾ ವಿರುದ್ಧ ಮಹಾರಾಷ್ಟ್ರ ರಾಜ್ಯ ಪ್ರಕರಣದಲ್ಲಿ ಈ ತತ್ತ್ವ ಇನ್ನಷ್ಟು ವಿಸ್ತಾರ ಪಡೆಯಿತು: ಅಪರಾಧ ಯಾವುದೇ ಇರಲಿ, ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕು; ತಕ್ಷಣ ಸಾಧ್ಯವಾಗದಿದ್ದರೆ ರಿಮಾಂಡಿಗೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಅವನ ಕೈಸೇರಬೇಕು; ಇಲ್ಲವಾದರೆ ಬಂಧನ ಕಾನೂನುಬಾಹಿರ. ಈ ತೀರ್ಪಿನ ಪ್ರಕಾರ ಗಡಹಿಂಗ್ಲಜದ ಕನ್ನಡ ಮನೆಮಾತಿನ ಬೇಡನಿಗೆ ಕನ್ನಡದ ಕಾಗದ ದೊ��ೆಯಬೇಕು, ಬೆಳಗಾವಿಯ ಮರಾಠಿ ಮನೆಮಾತಿನವನಿಗೆ ಮರಾಠಿಯ ಕಾಗದ ದೊರೆಯಬೇಕು. ಗಡಿಯ ರಾಜಕಾರಣ ಎರಡು ಭಾಷೆಗಳನ್ನು ಎದುರಾಳಿಗಳೆಂದು ಕಂಡರೂ ಬಂಧಿತನ ಹಕ್ಕು ಎರಡೂ ಬದಿಗಳಲ್ಲಿ ಒಂದೇ.

ಭಾಷೆಯ ಗಡಿಯಂತೆ ಪಟ್ಟಿಯ ಗಡಿಯೂ ವಿಚಿತ್ರ ಫಲಗಳನ್ನು ಕೊಡುತ್ತದೆ. ಕರ್ನಾಟಕದಲ್ಲಿ ನಾಯಕ, ಬೇಡ, ವಾಲ್ಮೀಕಿ ಸಮುದಾಯಗಳು ಪರಿಶಿಷ್ಟ ಪಂಗಡದಲ್ಲಿವೆ. 2020ರಲ್ಲಿ ತಳವಾರ, ಪರಿವಾರಗಳೂ ಸೇರಿದವು. ಆದ್ದರಿಂದ ಹುಕ್ಕೇರಿಯ ಬೇಡನಿಗೆ 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯುಂಟು. ಹೊಳೆಯಾಚೆಯ ಗಡಹಿಂಗ್ಲಜದ ಬೇರಡ ವಿಮುಕ್ತ ಜಾತಿಯ ಪಟ್ಟಿಯಲ್ಲಿರುವುದರಿಂದ ಅವನಿಗೆ ಅದು ಅನ್ವಯಿಸುವುದಿಲ್ಲ. ಒಂದು ರಾಜ್ಯದಲ್ಲಿ ಪರಿಶಿಷ್ಟರಾದವರು ಬೇರೆ ರಾಜ್ಯದಲ್ಲಿಯೂ ಈ ಕಾಯ್ದೆಯ ಆಶ್ರಯ ಪಡೆಯಬಹುದೆಂದು 2023ರಲ್ಲಿ ಮುಂಬೈ ಹೈಕೋರ್ಟಿನ ಪೂರ್ಣಪೀಠ ಹೇಳಿದ ಮೇಲೆ ವೈಪರೀತ್ಯ ಇನ್ನೂ ಸ್ಪಷ್ಟವಾಗಿದೆ: ಬೆಳಗಾವಿಯಿಂದ ಇಚಲಕರಂಜಿಗೆ ದುಡಿಯಲು ಬಂದ ಬೇಡನಿಗೆ ಅಲ್ಲಿ ಸಿಗುವ ರಕ್ಷಣೆ, ತಲೆತಲಾಂತರದಿಂದ ಆ ಜಿಲ್ಲೆಯಲ್ಲೇ ಇರುವ ಅವನ ನೆಂಟನಿಗೆ ಸಿಗುವುದಿಲ್ಲ. ಇಬ್ಬರ ಬೆನ್ನ ಮೇಲಿನ ಇತಿಹಾಸ ಮಾತ್ರ ಒಂದೇ.

ಇಂಥ ಸನ್ನಿವೇಶದಲ್ಲಿ ಗಡಿಸೀಮೆಯ ವಿದ್ವಾಂಸರ ಮುಂದೆ ಕೆಲವು ಖಚಿತ ಕೆಲಸಗಳಿವೆ. ಬಂಧನದ ಕಾರಣ, ಬಂಧನದ ಮೆಮೊ, ಸಂಬಂಧಿಕರಿಗೆ ಕೊಡುವ ಸೂಚನೆಗಳ ಮರಾಠಿ–ಕನ್ನಡ ದ್ವಿಭಾಷಾ ನಮೂನೆಗಳನ್ನು ಸಿದ್ಧಪಡಿಸಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳ ಮೂಲಕ ಠಾಣೆಗಳಿಗೆ ತಲುಪಿಸಬಹುದು. ಠಾಣೆ ಮತ್ತು ನ್ಯಾಯಾಲಯಗಳ ಮರಾಠಿಗೆ ಈ ಸೀಮೆಯ ಆಡುಗನ್ನಡದಲ್ಲಿ ಅರ್ಥಕೋಶವೊಂದು ಬೇಕು. ಕೆನೆಡಿಯ ಕೈಪಿಡಿಯಲ್ಲಿ ‘ಗುಪ್ತಪದ’ಗಳಾಗಿ ಸಿಕ್ಕಿಬಿದ್ದ ಮಾತುಗಳನ್ನು ಅವುಗಳನ್ನು ಆಡುವವರ ಜೊತೆ ಕೂತು ಭಾಷೆಗಳಾಗಿ ಮರುದಾಖಲಿಸುವುದು ಬಾಕಿಯಿದೆ. ಆತ್ಮಕಥನ ಬರೆಯದವರ, ಬರೆಯಲಾರದವರ ಬಾಯ್ಮಾತಿನ ಸಾಕ್ಷ್ಯವನ್ನು ಅವರ ಮನೆಮಾತಿನಲ್ಲಿಯೇ ಸಂಗ್ರಹಿಸಬೇಕಾಗಿದೆ. ಅವರ ಹೆಸರು ಮತ್ತೊಮ್ಮೆ ಯಾವುದೋ ಪಟ್ಟಿಗೆ ಸೇರದಂತೆ ಎಚ್ಚರವಹಿಸುವುದು ಆ ಕೆಲಸದ ಮೊದಲ ನಿಯಮ.

ಸಂಶೋಧಕರ ಕೆಲಸ ಕಾನೂನಿನ ಕೆಲಸಕ್ಕೆ ಬದಲಿಯಲ್ಲ. ರೂಢಿಗತ ಅಪರಾಧಿಗಳ ಕಾಯ್ದೆಯ ರದ್ದತಿ, ಚಿತ್ರಹಿಂಸೆಯನ್ನು ಸ್ವತಂತ್ರ ಅಪರಾಧವಾಗಿಸುವ ಶಾಸನ, ಪೊಲೀಸರಿಂದ ಸ್ವತಂತ್ರವಾದ ದೂರು ವ್ಯವಸ್ಥೆ ಇವು ಸರ್ಕಾರ ಮಾಡಬೇಕಾದವು. 1918ರಲ್ಲಿ ಒಂದು ಸಂಸ್ಥಾನ ಒಂದು ಆದೇಶದಿಂದ ಹಾಜರಿ ಪುಸ್ತಕವನ್ನು ಮುಚ್ಚಿತು. ಮುಚ್ಚಿದ ಪುಸ್ತಕದ ಹೆಸರುಗಳು ಬೇರೆ ಬೇರೆ ಕಡತಗಳಲ್ಲಿ ಇಂದಿಗೂ ಉಳಿದಿವೆ. ಅವನ್ನು ಹುಡುಕಿ ಅಳಿಸಬೇಕಾದರೆ ಮೊದಲು ಆ ಕಡತಗಳನ್ನು ಓದಬಲ್ಲವರು ಓದಬೇಕು.